ಗೋಡಂಬಿ ರಫ್ತು: ಎರಡನೇ ಆರ್ಡರ್ ಗೆಲ್ಲುವ ಬಗೆ

ಫೆಬ್ರುವರಿಯಲ್ಲಿ ಗೇರು ಹಣ್ಣು ಉದುರಲು ಶುರುವಾಯಿತೆಂದರೆ ಕರಾವಳಿಯ ಊರುಗಳಲ್ಲಿ ಒಂದು ಪ್ರಶ್ನೆಯೂ ಓಡಾಡತೊಡಗುತ್ತದೆ: ‘ಬೀಜ ಮಾರುವ ಬದಲು ಗೋಡಂಬಿ ಮಾಡಿ ಹೊರದೇಶಕ್ಕೆ ಕಳಿಸಿದರೆ ಹೇಗೆ?’ ಕೇಳುವವರಲ್ಲಿ ಗಲ್ಫ್‌ನಿಂದ ಮರಳಿದವರಿದ್ದಾರೆ, ನಾಲ್ಕೈದು ಎಕರೆ ಗೇರು ಗುಡ್ಡವಿರುವ ಮನೆಯ ಮಕ್ಕಳಿದ್ದಾರೆ, ಬೆಂಗಳೂರಿನ ಕೆಲಸ ಬಿಟ್ಟು ಊರಲ್ಲೇ ಏನಾದರೂ ಮಾಡಬೇಕೆಂದು ಬಂದವರಿದ್ದಾರೆ. ಆಸೆ ಒಳ್ಳೆಯದು, ಅದಕ್ಕೆ ದಾರಿಯೂ ಇದೆ. ಆದರೆ ಹೆಚ್ಚಿನವರು ಮೊದಲು ಲೈಸೆನ್ಸ್, ಆಮೇಲೆ ಖರೀದಿದಾರ, ಕೊನೆಗೆ ಸರಕು ಎಂಬ ಕ್ರಮದಲ್ಲಿ ಹೊರಡುತ್ತಾರೆ. ಈ ವ್ಯಾಪಾರದಲ್ಲಿ ನೆಲೆ ನಿಲ್ಲಬೇಕಾದರೆ ಕ್ರಮ ತಿರುಗಾಮುರುಗಾ ಆಗಬೇಕು. ಮೊದಲು ಬೀಜ ಗೊತ್ತಾಗಬೇಕು, ಆಮೇಲೆ ಗಿರಾಕಿ, ಕಾಗದಪತ್ರ ಅದರ ಹಿಂದೆ ತಾನಾಗಿ ಬರುತ್ತದೆ.

ಕಾಗದಪತ್ರದ ಮಾತನ್ನು ಮೊದಲೇ ಮುಗಿಸಿಬಿಡೋಣ. ಪ್ಯಾನ್, ಚಾಲ್ತಿ ಖಾತೆ, ಜಿಎಸ್‌ಟಿ ನೋಂದಣಿ ಇದ್ದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಆಮದು–ರಫ್ತು ಕೋಡ್, ಅಂದರೆ ಐಇಸಿ ಪಡೆಯಬಹುದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರಗಳನ್ನು ಮತ್ತೆ ದೃಢಪಡಿಸಬೇಕು, ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ. ತಿನ್ನುವ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಕೃಷಿ ಉತ್ಪನ್ನಗಳ ರಫ್ತು ಉತ್ತೇಜನ ಸಂಸ್ಥೆಯಾದ ಅಪೆಡಾದಲ್ಲಿ ನೋಂದಣಿ–ಸದಸ್ಯತ್ವ ಪ್ರಮಾಣಪತ್ರ ಮಾಡಿಸಬೇಕು. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನಡೆಸುವ ಬ್ಯಾಂಕ್ ಶಾಖೆಯ ಗುರುತು ಸಂಖ್ಯೆ) ಪಡೆದು, ಸರಕು ಹೊರಡುವ ಬಂದರಿನ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಜಿಎಸ್‌ಟಿಯಲ್ಲಿ ‘ಎಲ್‌ಯುಟಿ’ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರು, ಒಬ್ಬ ನಂಬಿಕಸ್ಥ ಕಸ್ಟಮ್ಸ್ ಏಜೆಂಟರು ಸಿಕ್ಕರೆ ಇದೆಲ್ಲ ದೊಡ್ಡ ಸಂಗತಿಯಲ್ಲ. ಇದಿಷ್ಟನ್ನೇ ಕಲಿಸಲು ಸಾವಿರಾರು ರೂಪಾಯಿ ಕೇಳುವ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ ಇಂಥ ತರಬೇತಿಯನ್ನು ನಡೆಸುತ್ತದೆ.

ನಿಜವಾದ ಮೊದಲ ಪ್ರಶ್ನೆ ಬೇರೆ ಇದೆ. ಗೋಡಂಬಿಯನ್ನು ಹೊರಗೆ ಯಾಕೆ ಕಳಿಸಬೇಕು? ಪೋರ್ಚುಗೀಸರು 16ನೇ ಶತಮಾನದಲ್ಲಿ ಬ್ರೆಜಿಲ್‌ನಿಂದ ತಂದ ಈ ಮರ ಕರಾವಳಿಯ ಗುಡ್ಡಗಳಿಗೆ ಒಗ್ಗಿಕೊಂಡಿತು. 1920ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಗಳು ಎದ್ದು ಗೋಡಂಬಿ ಅಮೆರಿಕದ ಹಡಗು ಹತ್ತಿತು. ದಶಕಗಳ ಕಾಲ ಜಗತ್ತಿನ ಗೋಡಂಬಿ ರಫ್ತಿನಲ್ಲಿ ಭಾರತವೇ ಮುಂದಿತ್ತು. 2006ರಲ್ಲಿ ವಿಯೆಟ್ನಾಂ ನಮ್ಮನ್ನು ಹಿಂದಿಕ್ಕಿತು, ಇಂದಿಗೂ ಅದೇ ಮುಂದಿದೆ. ಅಲ್ಲಿ ಬೀಜ ಒಡೆಯುವುದರಿಂದ ಹಿಡಿದು ಸಿಪ್ಪೆ ತೆಗೆಯುವವರೆಗೆ ಯಂತ್ರಗಳು ಬೇಗ ಬಂದವು. ನಮ್ಮಲ್ಲಿ ಹಸಿಬೀಜದ ಆಮದಿಗೆ ಸುಂಕವಿದೆ. 2018ರ ಬಜೆಟ್ ಅದನ್ನು ಶೇ 5ರಿಂದ ಶೇ 2.5ಕ್ಕೆ ಇಳಿಸಿದರೂ ಪೂರ್ತಿ ತೆಗೆಯಲಿಲ್ಲ.

ಇದೇ ಅವಧಿಯಲ್ಲಿ ಇನ್ನೊಂದು ಬದಲಾವಣೆಯಾಯಿತು. ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶವಾಗಿ ಬೆಳೆಯಿತು. ಕಾಜು ಕತ್ಲಿ, ಹೋಟೆಲುಗಳ ಗ್ರೇವಿ, ದೀಪಾವಳಿಯ ಉಡುಗೊರೆ ಪೊಟ್ಟಣ ಎಲ್ಲ ಸೇರಿ ಒಳನಾಡಿನ ಬೇಡಿಕೆ ಎಷ್ಟಿದೆಯೆಂದರೆ, ಹಬ್ಬದ ಮುಂಚಿನ ತಿಂಗಳುಗಳಲ್ಲಿ ದೆಹಲಿ–ಮುಂಬೈ ವ್ಯಾಪಾರಿ ಕೊಡುವ ದರ ಹೊರದೇಶದ ದರಕ್ಕಿಂತ ಮೇಲಿರುವುದುಂಟು. ತುಂಡು ಗೋಡಂಬಿಗಂತೂ ನಮ್ಮ ಸಿಹಿತಿಂಡಿ ಅಂಗಡಿಗಳಂಥ ಗಿರಾಕಿ ಇನ್ನೊಬ್ಬರಿಲ್ಲ. ಹಾಗಾಗಿ ‘ಡಾಲರ್ ಬರುತ್ತದೆ’ ಎಂಬ ಒಂದೇ ಕಾರಣಕ್ಕೆ ರಫ್ತಿಗೆ ಇಳಿಯುವುದು ಸರಿಯಲ್ಲ. ಇಡೀ ಬೀಜಗಳನ್ನು ಹೊರಗೆ, ತುಂಡುಗಳನ್ನು ಒಳಗೆ ಮಾರುವ ಲೆಕ್ಕ ಕೂಡಿಬರಬೇಕು. ವರ್ಷವಿಡೀ ಒಂದೇ ಸಮನೆ ಕೊಳ್ಳುವ ವಿದೇಶಿ ಗಿರಾಕಿ ಸಿಕ್ಕರೆ ಹಬ್ಬವಿಲ್ಲದ ತಿಂಗಳಲ್ಲೂ ಕಾರ್ಖಾನೆ ನಡೆಯುತ್ತದೆ. ರಫ್ತಿನ ದೊಡ್ಡ ಲಾಭ ಇದೇ.

ಇನ್ನು ಬೀಜಕ್ಕೆ ಬರೋಣ. ಈ ವ್ಯಾಪಾರದ ಲಾಭ–ನಷ್ಟ ಬಹುಪಾಲು ತೀರ್ಮಾನವಾಗುವುದು ಹಸಿಬೀಜ ಕೊಳ್ಳುವ ದಿನ. ಗೋದಾಮಿನಲ್ಲಿ ನಡೆಯುವ ‘ಕಟಿಂಗ್ ಟೆಸ್ಟ್’ ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ಬೇರೆ ಬೇರೆ ಚೀಲಗಳಿಂದ ಕೈ ಹಾಕಿ ಮಾದರಿ ತೆಗೆದು, ಕಲಸಿ, ಅದರಲ್ಲಿ ಒಂದು ಕಿಲೋ ತೂಗುತ್ತಾರೆ. ಮೊದಲು ಬೀಜಗಳನ್ನು ಎಣಿಸುತ್ತಾರೆ. ಕಿಲೋಗೆ ಕಡಿಮೆ ಬೀಜ ಬಂದಷ್ಟೂ ಬೀಜ ದಪ್ಪ. ಆಮೇಲೆ ಒಂದೊಂದನ್ನೇ ಕತ್ತರಿಯಿಂದ ಎರಡು ಹೋಳು ಮಾಡಿ ಗುಂಪು ಗುಂಪಾಗಿ ಇಡುತ್ತಾರೆ. ಬೆಳ್ಳಗೆ ತುಂಬಿದ ತಿರುಳು ಒಂದು ಕಡೆ, ಕಲೆ ಬಿದ್ದದ್ದು ಮತ್ತು ಬಲಿಯದ್ದು ಇನ್ನೊಂದು ಕಡೆ, ಕೊಳೆತದ್ದು, ಹುಳ ತಿಂದದ್ದು, ಟೊಳ್ಳು ಮಗದೊಂದು ಕಡೆ. ಒಳ್ಳೆಯ ತಿರುಳನ್ನು ಪೂರ್ತಿ, ಕಲೆಯದ್ದನ್ನು ಅರ್ಧ ಲೆಕ್ಕಕ್ಕೆ ಹಿಡಿದು, 80 ಕಿಲೋ ಚೀಲಕ್ಕೆ ಎಷ್ಟು ಪೌಂಡು ತಿರುಳು ಸಿಗುತ್ತದೆಂದು ಹೇಳುತ್ತಾರೆ. ‘ಔಟ್‌ಟರ್ನ್ 48’ ಎಂದರೆ ಚೀಲಕ್ಕೆ 48 ಪೌಂಡು, ಅಂದರೆ ಕೆಂಪು ಪೊರೆಯೂ ಸೇರಿ ಸುಮಾರು 21.8 ಕಿಲೋ.

ಈ ಸಂಖ್ಯೆಯಲ್ಲಿ ಎರಡು ಪೌಂಡು ತಪ್ಪಿದರೆ ಏನಾಗುತ್ತದೆ ನೋಡಿ. 48 ಎಂದು ನಂಬಿ 16 ಟನ್ ಬೀಜ ಕೊಂಡಿದ್ದೀರಿ, ನಿಜದಲ್ಲಿ ಅದು 46. ಅಷ್ಟು ಬೀಜವೆಂದರೆ 200 ಚೀಲ. ಚೀಲಕ್ಕೆ 900 ಗ್ರಾಂ ಚಿಲ್ಲರೆಯಂತೆ ಒಟ್ಟು 181 ಕಿಲೋ ತಿರುಳು ಖೋತಾ. ಕಿಲೋಗೆ 700 ರೂಪಾಯಿ ಎಂದಿಟ್ಟುಕೊಂಡರೂ ಸುಮಾರು 1.27 ಲಕ್ಷ ರೂಪಾಯಿ ಒಂದೇ ಲೋಡಿನಲ್ಲಿ ಕರಗಿತು. ಇದನ್ನು ಯಾವ ವಿದೇಶಿ ಗಿರಾಕಿಯೂ ತುಂಬಿಕೊಡುವುದಿಲ್ಲ. ಆದ್ದರಿಂದ ಹೊಸಬರು ಒಂದು ಸೀಸನ್ ಪೂರ್ತಿ ಯಾರಾದರೂ ಅನುಭವಿ ಖರೀದಿದಾರರ ಜತೆ ನಿಂತು ಬೀಜ ಕತ್ತರಿಸುವುದನ್ನು ಕಲಿಯುವುದು ಯಾವ ಪದವಿಗಿಂತಲೂ ಉಪಯುಕ್ತ.

ಬೆಳೆಗಾರರ ಅಂಗಳದಲ್ಲೂ ಗುಣಮಟ್ಟದ ಗುಟ್ಟಿದೆ. ಬಲಿತು ತಾನಾಗಿ ಬಿದ್ದ ಹಣ್ಣಿನ ಬೀಜವನ್ನೇ ಆರಿಸಬೇಕು, ಎಳೆಯದನ್ನು ಕೊಕ್ಕೆ ಹಾಕಿ ಎಳೆಯಬಾರದು. ಎರಡು ಮೂರು ದಿನ ಚೆನ್ನಾಗಿ ಬಿಸಿಲು ಕಾಣಿಸಿ, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಸದ್ದು ಬರುವಂತೆ ಒಣಗಿಸಿ ಚೀಲಕ್ಕೆ ತುಂಬಬೇಕು. ಹಸಿಯಾಗಿಯೇ ಚೀಲ ಕಟ್ಟಿದರೆ ಒಳಗೆ ಬಿಸಿಯೇರಿ ತಿರುಳು ಕಪ್ಪಾಗುತ್ತದೆ. ಸರಿಯಾಗಿ ಒಣಗಿಸಿದ ರೈತರಿಗೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು, ವರ್ಷ ವರ್ಷವೂ ಅವರಿಂದಲೇ ಕೊಳ್ಳುವ ರಫ್ತುದಾರರಿಗೆ ಅಷ್ಟು ಸರಕಿನ ಚಿಂತೆ ಇಲ್ಲ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ‘ನೇತ್ರಾ ಜಂಬೋ–1’ನಂಥ ದಪ್ಪ ಬೀಜದ ತಳಿಗಳನ್ನು ಬಿಡುಗಡೆ ಮಾಡಿದೆ. ದಪ್ಪ ಬೀಜವೆಂದರೆ ದೊಡ್ಡ ಗೋಡಂಬಿ, ದೊಡ್ಡ ಗೋಡಂಬಿಗೆ ಹೆಚ್ಚು ದರ. ನಮ್ಮ ಕಾರ್ಖಾನೆಗಳಿಗೆ ಊರಿನ ಬೀಜ ಸಾಲದೆ ಐವರಿ ಕೋಸ್ಟ್, ಬೆನಿನ್, ಘಾನಾ, ತಾಂಜಾನಿಯಾಗಳಿಂದ ತರಿಸುವುದು ಮಾಮೂಲು. ಹಡಗಿನಲ್ಲಿ ಬರುವ ಬೀಜವನ್ನು ನಂಬಿ ಶುರುಮಾಡುವುದು ಹೊಸಬರಿಗೆ ಹೇಳಿದ ಮಾತಲ್ಲ. ಅಲ್ಲಿ ದರ, ತೇವಾಂಶ, ಔಟ್‌ಟರ್ನ್ ಮೂರರಲ್ಲೂ ಮೋಸ ಹೋಗುವ ಸಂದರ್ಭಗಳು ಹೆಚ್ಚು.

ಕಾರ್ಖಾನೆಯೊಳಗೆ ಬೀಜ ಹಬೆಯಲ್ಲಿ ಬೆಂದು, ಆರಿ, ಚಿಪ್ಪು ಒಡೆಸಿಕೊಂಡು, ಬೋರ್ಮಾ ಎಂಬ ಬಿಸಿಗೂಡಿನಲ್ಲಿ ಒಣಗಿ, ಕೆಂಪು ಪೊರೆ ಕಳಚಿಕೊಂಡು ಗ್ರೇಡಿಂಗ್ ಮೇಜಿಗೆ ಬರುತ್ತದೆ. ವಿದೇಶಿ ಗಿರಾಕಿ ಮಾತಾಡುವುದು ಈ ಮೇಜಿನ ಭಾಷೆಯಲ್ಲಿ. ‘ಡಬ್ಲ್ಯು 320’ ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 300ರಿಂದ 320 ಇಡೀ ಬಿಳಿ ಗೋಡಂಬಿ. ‘ಡಬ್ಲ್ಯು 240’ಕ್ಕೆ 220ರಿಂದ 240. ‘ಡಬ್ಲ್ಯು 180’ ಇನ್ನೂ ದೊಡ್ಡದು, ದರವೂ ಹಾಗೆಯೇ. ಸ್ವಲ್ಪ ಕಂದಿದ ‘ಸ್ಕಾರ್ಚ್ಡ್’, ಹೋಳಾದ ‘ಸ್ಪ್ಲಿಟ್ಸ್’, ದೊಡ್ಡ ತುಂಡು, ಸಣ್ಣ ತುಂಡು, ‘ಬೇಬಿ ಬಿಟ್ಸ್’ ಹೀಗೆ ಇಳಿಯುತ್ತ ಹೋಗುತ್ತದೆ. ತೇವಾಂಶ ಶೇ 5 ಮೀರಬಾರದು. ಕೂದಲು, ಲೋಹದ ಚೂರು, ಜೀವಂತ ಹುಳ ಒಂದೇ ಒಂದು ಸಿಕ್ಕರೂ ತಕರಾರು ಖಂಡಿತ. ಹಾಗಾಗಿ ಮೆಟಲ್ ಡಿಟೆಕ್ಟರ್, ಧೂಮೀಕರಣ, ತಲೆಗವಸು ಖರ್ಚಿನ ಬಾಬ್ತೆಂದು ಮುಂದೂಡುವಂಥವಲ್ಲ. ದರ ಹೇಳುವುದೂ ಡಾಲರಿನಲ್ಲಿ, ಪೌಂಡಿಗೆ. ಕಿಲೋ ಲೆಕ್ಕಕ್ಕೆ ಒಗ್ಗಿದವರು 2.2046 ಎಂಬ ಗುಣಕವನ್ನು ಕಂಠಪಾಠ ಮಾಡಿಕೊಳ್ಳಲೇಬೇಕು.

ಈಗ ಹೊಸಬರ ಕನಸಿಗೆ ಎದುರಾಗುವ ದೊಡ್ಡ ಗಣಿತ. 20 ಅಡಿ ಕಂಟೇನರಿನಲ್ಲಿ ವಾಡಿಕೆಯಂತೆ 50 ಪೌಂಡಿನ 700 ಪೆಟ್ಟಿಗೆ ಹಿಡಿಯುತ್ತವೆ. ಒಟ್ಟು 35,000 ಪೌಂಡು, ಅಂದರೆ ಸುಮಾರು 15.9 ಟನ್ ಗೋಡಂಬಿ. ಹಸಿಬೀಜದ ನಾಲ್ಕನೇ ಒಂದು ಪಾಲು ಗೋಡಂಬಿಯಾಗುತ್ತದೆಂದು ಹಿಡಿದರೂ 64 ಟನ್‌ನಷ್ಟು ಬೀಜ ಬೇಕು. ಆ 64 ಟನ್‌ನಿಂದ ಬರುವುದು ಎಲ್ಲ ಗ್ರೇಡುಗಳೂ ಸೇರಿದ 16 ಟನ್. ಗಿರಾಕಿ ‘ಡಬ್ಲ್ಯು 320’ ಒಂದನ್ನೇ ಪೂರ್ತಿ ಕಂಟೇನರ್ ಕೇಳಿದರೆ ಅದರ ಹಲವು ಪಟ್ಟು ಬೀಜ ಸಂಸ್ಕರಿಸಬೇಕು. ಸಣ್ಣ ಘಟಕಕ್ಕೆ ಇದು ಆಗದ ಮಾತು. ಆಗ ಐದಾರು ಕಾರ್ಖಾನೆಗಳಿಂದ ಕೊಂಡು ತುಂಬಿಸುತ್ತಾರೆ. ಒಂದು ಕಡೆಯದು ಹಾಲಿನ ಬಿಳುಪು, ಇನ್ನೊಂದು ಕಡೆಯದು ದಂತದ ಬಣ್ಣ, ಮತ್ತೊಂದರಲ್ಲಿ ಪೊರೆಯ ಚೂರು. ಕಳಿಸಿದ ಮಾದರಿ ಒಂದು, ಇಳಿದ ಸರಕು ಇನ್ನೊಂದು ಎಂಬ ದೂರು ಹುಟ್ಟುವುದು ಇಲ್ಲಿಯೇ.

ಮೊದಲ ಆರ್ಡರ್ ಮಾದರಿ ನೋಡಿ ಸಿಗುತ್ತದೆ, ಎರಡನೆಯದು ಸರಕು ನೋಡಿ. ಹೊಸ ರಫ್ತುದಾರರು ತಮ್ಮ ಎಲ್ಲ ತೀರ್ಮಾನಗಳನ್ನೂ ಈ ಮಾತಿನ ಎದುರು ಇಟ್ಟು ನೋಡಬೇಕೆಂದು ನನ್ನ ಆಗ್ರಹ. ಒಬ್ಬ ಗಿರಾಕಿಯನ್ನು ಹುಡುಕಲು ಮೇಳ, ಮಾದರಿ, ಪ್ರಯಾಣವೆಂದು ಆಗುವ ಖರ್ಚು ಒಂದೇ ಸಾಗಣೆಯಲ್ಲಿ ಹಿಂತಿರುಗುವುದಿಲ್ಲ. ಆತ ಮತ್ತೆ ಮತ್ತೆ ಕೊಂಡರಷ್ಟೇ ಅದು ವ್ಯಾಪಾರ. ಆದ್ದರಿಂದ ಕೊಡಲಾಗದ ಪ್ರಮಾಣಕ್ಕೆ ಒಪ್ಪಿಕೊಳ್ಳುವುದಕ್ಕಿಂತ ‘ತಿಂಗಳಿಗೆ ಎರಡು ಟನ್ ಕೊಡಬಲ್ಲೆ, ಪ್ರತಿ ತಿಂಗಳೂ ಒಂದೇ ತರಹ ಕೊಡಬಲ್ಲೆ’ ಎಂದು ನೇರ ಹೇಳುವುದು ಲೇಸು. ಬೇರೆಯವರ ಸರಕಿನೊಂದಿಗೆ ಕಂಟೇನರ್ ಹಂಚಿಕೊಂಡು ಕಳಿಸುವ ‘ಎಲ್‌ಸಿಎಲ್’ ವ್ಯವಸ್ಥೆ ಇರುವುದೇ ಇಂಥವರಿಗಾಗಿ. ಪೌಂಡಿಗೆ ಸ್ವಲ್ಪ ಹೆಚ್ಚು ಸಾಗಣೆ ವೆಚ್ಚ ಬೀಳುತ್ತದೆ, ಹೆಸರು ಉಳಿಯುತ್ತದೆ.

ಬೃಹತ್ ಪ್ರಮಾಣದ ಸಾದಾ ಗೋಡಂಬಿಯಲ್ಲಿ ವಿಯೆಟ್ನಾಂ ಜತೆ ದರದ ಪೈಪೋಟಿಗೆ ಇಳಿದರೆ ಸಣ್ಣವರು ಗೆಲ್ಲಲಾರರು. ಅವರಿಗೆ ಜಾಗವಿರುವುದು ಬೇರೆ ಕಡೆ. ದೊಡ್ಡ ಗಾತ್ರದ ಗ್ರೇಡುಗಳು, ಒಂದೇ ಸೀಮೆಯ ಬೀಜ ಎಂದು ಹೇಳಿ ತೋರಿಸಬಲ್ಲ ಸರಕು, ಹುರಿದು ಉಪ್ಪು–ಮೆಣಸು ಹಾಕಿದ ಸಣ್ಣ ಪೊಟ್ಟಣಗಳು. ಗೋವಾದ ಗೋಡಂಬಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರಕಿದ್ದು, ಊರಿನ ಹೆಸರಿಗೆ ಬೆಲೆ ತರುವ ಇಂಥದ್ದೇ ಪ್ರಯತ್ನ. ಮಾರುಕಟ್ಟೆಗಳಲ್ಲಿ ನಮಗೆ ಹತ್ತಿರದ್ದು ಯುಎಇ. ಭಾರತದ ಗೋಡಂಬಿಯ ದೊಡ್ಡ ಗಿರಾಕಿಗಳಲ್ಲಿ ಅದೂ ಒಂದು, ಸಮುದ್ರಯಾನ ಕಡಿಮೆ, 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ–ಯುಎಇ ವ್ಯಾಪಾರ ಒಪ್ಪಂದವಿದೆ. ಜತೆಗೆ ದುಬೈ, ಶಾರ್ಜಾಗಳಲ್ಲಿ ಅಂಗಡಿ, ಹೋಟೆಲು ನಡೆಸುವ ಕರಾವಳಿಯವರಿದ್ದಾರೆ. ದುಬೈನ ‘ಗಲ್ಫುಡ್’ ಮೇಳಕ್ಕೆ ಹೋದರೆ ಒಂದೇ ಸೂರಿನಡಿ ಹಲವು ದೇಶಗಳ ಕೊಳ್ಳುವವರು ಸಿಗುತ್ತಾರೆ. ಜಪಾನಿನವರು ಗುಣಮಟ್ಟದಲ್ಲಿ ಬಲು ಕಟ್ಟುನಿಟ್ಟು. ಯುರೋಪಿಗೆ ಹೋಗುವ ಸರಕಿಗೆ ನೆದರ್ಲೆಂಡ್ಸ್ ಹೆಬ್ಬಾಗಿಲು. ಯಾವುದಾದರೂ ಒಂದೇ ದೇಶವನ್ನು ನೆಚ್ಚಿ ಕೂರುವುದು ಮಾತ್ರ ಅಪಾಯ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ, ಅಲ್ಲಿಗೆ ಮಾತ್ರ ಮಾರುತ್ತಿದ್ದವರ ಕೈಕಾಲು ಕಟ್ಟಿದಂತಾಯಿತು.

ಸರಕು ಎಷ್ಟೇ ಚೆನ್ನಾಗಿದ್ದರೂ ಹಣ ಕೈಸೇರುವ ದಾರಿ ಭದ್ರವಿರಬೇಕು. ಹೊಸ ಗಿರಾಕಿಗೆ ಸಾಲದ ಮೇಲೆ ಸರಕು ಕಳಿಸಲೇಬೇಡಿ. ಒಂದು ಪಾಲು ಮುಂಗಡ, ಉಳಿದದ್ದು ಹಡಗು ಕಂಪನಿ ಕೊಡುವ ಸರಕು ರಸೀದಿಯ (ಬಿಲ್ ಆಫ್ ಲೇಡಿಂಗ್) ಪ್ರತಿ ಕಂಡಾಗ ಎಂಬುದು ಸಣ್ಣ ವ್ಯವಹಾರಗಳಲ್ಲಿ ನಡೆಯುವ ಪದ್ಧತಿ. ದೊಡ್ಡ ಮೊತ್ತವಾದರೆ ಹೆಸರಾಂತ ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್, ಅಂದರೆ ಪಾವತಿ ಖಾತರಿ ಪತ್ರ ಕೇಳಿ. ಅದು ಬಂದ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದವರ ಜತೆ ಕೂತು ಪ್ರತಿ ಸಾಲನ್ನೂ ಓದಿ. ಅದರಲ್ಲಿ ಬರೆದಿರುವ ಹೆಸರು, ತೂಕ, ದಿನಾಂಕಕ್ಕೆ ನಿಮ್ಮ ದಾಖಲೆಯ ಒಂದಕ್ಷರ ಹೊಂದದಿದ್ದರೂ ಪಾವತಿ ನಿಲ್ಲಬಹುದು. 1957ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಇಸಿಜಿಸಿ, ವಿದೇಶಿ ಗಿರಾಕಿ ಕೈಯೆತ್ತಿದರೆ ನಷ್ಟದ ದೊಡ್ಡ ಪಾಲನ್ನು ಭರಿಸುವ ವಿಮೆ ಕೊಡುತ್ತದೆ. ಆರ್ಡರ್ ಕೈಯಲ್ಲಿದ್ದರೆ ಬ್ಯಾಂಕುಗಳು ಪ್ಯಾಕಿಂಗ್ ಕ್ರೆಡಿಟ್ ಎಂಬ ಸಾಲವನ್ನೂ ಕೊಡುತ್ತವೆ. ಹಸಿಬೀಜವನ್ನು ಫೆಬ್ರುವರಿಯಿಂದ ಮೇ ಒಳಗೆ ಕೊಂಡಿಟ್ಟು ವರ್ಷವಿಡೀ ಮಾರಬೇಕಾದ ಈ ಉದ್ಯಮದಲ್ಲಿ ದುಡಿಯುವ ಬಂಡವಾಳವೇ ಉಸಿರು. ಯಂತ್ರಕ್ಕೆ ಎಲ್ಲ ದುಡ್ಡು ಹಾಕಿ ಬೀಜ ಕೊಳ್ಳಲು ಕಾಸಿಲ್ಲದೆ ಬೀಗ ಜಡಿದರೆ ಹಾಕಿದ್ದೆಲ್ಲ ಹೋದಂತೆ.

ಬಯಲುಸೀಮೆಯ ಓದುಗರು ಶೇಂಗಾದ ಬಗ್ಗೆ ಕೇಳಬಹುದು. ಚಳ್ಳಕೆರೆ, ಪಾವಗಡದ ಕಡೆಯ ಶೇಂಗಾಕ್ಕೂ ಹೊರಗೆ ಬೇಡಿಕೆ ಇದೆ. ಅಲ್ಲಿ ಎದುರಾಳಿ ಕಣ್ಣಿಗೆ ಕಾಣದ್ದು: ಅಫ್ಲಾಟಾಕ್ಸಿನ್. ಕೊಯ್ಲಿನ ಹೊತ್ತಿಗೆ ಬರ ಬಿದ್ದರೆ, ಕಿತ್ತ ಮೇಲೆ ಕಾಯಿ ಬೇಗ ಒಣಗದಿದ್ದರೆ ಶಿಲೀಂಧ್ರ ಬೆಳೆದು ಈ ವಿಷ ಉತ್ಪತ್ತಿಯಾಗುತ್ತದೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಯುರೋಪ್ ಒಕ್ಕೂಟ ಒಪ್ಪುವ ಒಟ್ಟು ಮಿತಿ ಕಿಲೋಗೆ 4 ಮೈಕ್ರೋಗ್ರಾಂ ಮಾತ್ರ. ಇಡೀ ರಾಶಿಯಲ್ಲಿ ಕೆಲವೇ ಕಾಳು ಕೆಟ್ಟಿದ್ದರೂ ಆ ಮಿತಿ ದಾಟಿ ಕಂಟೇನರ್ ವಾಪಸಾಗಬಹುದು. ಕೆಟ್ಟದ್ದನ್ನು ಬಂದರಿನಲ್ಲಿ ಸರಿಪಡಿಸಲಾಗದು, ಹೊಲದಲ್ಲೇ ತಡೆಯಬೇಕು. ಸಕಾಲಕ್ಕೆ ಕಿತ್ತು, ನೆಲಕ್ಕೆ ತಾಗದಂತೆ ಒಣಗಿಸಿ, ಸುಕ್ಕಿದ, ಬಣ್ಣ ಕೆಟ್ಟ ಕಾಳನ್ನು ಆರಿಸಿ ತೆಗೆದು, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು. ಗೋಡಂಬಿಗೂ ಇಂಥ ಪರೀಕ್ಷೆಗಳಿವೆ. ಆಹಾರ ಸಂಸ್ಕರಣೆ, ಪ್ಯಾಕಿಂಗ್ ವಿಷಯದಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ನಮ್ಮ ಕೈಗೆಟಕುವ ದೂರದಲ್ಲೇ ಇದೆ. ಅದನ್ನು ಬಳಸಿಕೊಳ್ಳದಿರುವುದು ನಮ್ಮ ನಷ್ಟ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಗೋಡಂಬಿ ಕಾರ್ಖಾನೆ ನಿಂತಿರುವುದು ಹೆಣ್ಣುಮಕ್ಕಳ ಕೈಮೇಲೆ. ಯಂತ್ರಗಳು ಬಂದ ಮೇಲೂ ಚಿಪ್ಪಿನಿಂದ ತಿರುಳು ಬಿಡಿಸುವ, ಅಂಟಿದ ಪೊರೆಯನ್ನು ಚಾಕುವಿನ ತುದಿಯಿಂದ ಕೆರೆದು ತೆಗೆಯುವ, ಗಾತ್ರ–ಬಣ್ಣ ನೋಡಿ ವಿಂಗಡಿಸುವ ಕೆಲಸ ಹೆಚ್ಚಾಗಿ ಅವರದೇ. ಚಿಪ್ಪಿನ ಸೊನೆ ತಾಗಿದರೆ ಚರ್ಮ ಸುಡುತ್ತದೆ, ಬೆರಳ ತುದಿ ಕಪ್ಪಗಾಗಿ ಸುಲಿಯುತ್ತದೆ. ಕೈಗವಸು, ಹರಳೆಣ್ಣೆ, ಹೊಗೆ ಹೊರಹೋಗುವ ಕಿಟಕಿ, ಬೆನ್ನಿಗೆ ಆಸರೆಯಿರುವ ಕುರ್ಚಿ, ಭವಿಷ್ಯನಿಧಿ ಇವನ್ನು ಕೊಡಲಾಗದಿದ್ದರೆ ಈ ಉದ್ಯಮಕ್ಕೆ ಕೈ ಹಾಕಬಾರದು. ಯುರೋಪು, ಅಮೆರಿಕದ ದೊಡ್ಡ ಖರೀದಿದಾರರು ಈಗ ಕಾರ್ಮಿಕರ ಸ್ಥಿತಿಗತಿಯ ತಪಾಸಣಾ ವರದಿ ಕೇಳುತ್ತಾರೆ. ಅವರು ಕೇಳದಿದ್ದರೂ ಇದು ನಮ್ಮ ಹೊಣೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ನುರಿತ ಕೈ ಬಿಟ್ಟುಹೋದರೆ ತುಂಡಿನ ಪ್ರಮಾಣ ಏರುತ್ತದೆ, ಇಡೀ ಗೋಡಂಬಿಯ ದರ ತುಂಡಿನ ದರಕ್ಕೆ ಇಳಿಯುತ್ತದೆ.

ಹಾಗಾದರೆ ಮೊದಲ ವರ್ಷ ಹೇಗಿರಬೇಕು? ಸ್ವಂತ ಕಾರ್ಖಾನೆ ಕಟ್ಟುವ ಅವಸರ ಬೇಡ. ಸೀಸನ್‌ನಲ್ಲಿ ಬೀಜ ಕತ್ತರಿಸುವುದನ್ನು, ಗ್ರೇಡ್ ಗುರುತಿಸುವುದನ್ನು ಕಲಿಯಿರಿ. ಶುಚಿತ್ವ, ಕೂಲಿ, ತೂಕ ಮೂರರಲ್ಲೂ ಹೆಸರಿರುವ ಒಂದೇ ಕಾರ್ಖಾನೆಯ ಜತೆ ಒಪ್ಪಂದ ಮಾಡಿಕೊಂಡು, ಅದರ ಸರಕನ್ನು ನಿಮ್ಮ ಹೆಸರಿನಲ್ಲಿ ರಫ್ತು ಮಾಡಿ. ಕಳಿಸುವ ಪ್ರತಿ ಲಾಟಿನಿಂದ ಒಂದು ಮಾದರಿಯನ್ನು ಮೊಹರು ಮಾಡಿ ನಿಮ್ಮಲ್ಲಿಟ್ಟುಕೊಳ್ಳಿ. ತಕರಾರು ಬಂದರೆ ಅದೇ ಸಾಕ್ಷಿ. ಮೊದಲ ಸಾಗಣೆ ಸಣ್ಣದಿರಲಿ, ಹೋದರೂ ಮನೆ ಮುಳುಗದಷ್ಟಿರಲಿ. ಸರಕು ತಲುಪಿದ ವಾರವೇ ಗಿರಾಕಿಗೆ ಫೋನು ಮಾಡಿ, ಪೆಟ್ಟಿಗೆ ತೆರೆದಾಗ ಹೇಗಿತ್ತೆಂದು ಕೇಳಿ. ದೂರಿದ್ದರೆ ವಾದಕ್ಕಿಳಿಯದೆ ಪರಿಶೀಲಿಸಿ, ತಪ್ಪು ನಿಮ್ಮದಾದರೆ ಅದರ ಬೆಲೆ ನೀವೇ ಕಟ್ಟಿಕೊಡಿ. ಎರಡನೇ ಆರ್ಡರ್ ಬಂತೋ, ಕಾರ್ಖಾನೆಯ ಮಾತು ಆಗ ಎತ್ತಿ. ಬರಲಿಲ್ಲವೋ, ಯಾಕೆ ಬರಲಿಲ್ಲವೆಂದು ತಿಳಿಯುವವರೆಗೆ ಇನ್ನೊಬ್ಬ ಗಿರಾಕಿಯನ್ನು ಹುಡುಕಬೇಡಿ.

ಕರಾವಳಿಯಲ್ಲಿ ಬೀಜವಿದೆ, ನೂರು ವರ್ಷದ ಕೈಪಳಗಿದೆ, ಪಣಂಬೂರಿನಲ್ಲಿ ಬಂದರಿದೆ, ಪುತ್ತೂರಿನಲ್ಲಿ ಸಂಶೋಧನೆ ಇದೆ. ಇಷ್ಟೆಲ್ಲ ಒಂದೇ ಕಡೆ ಕೂಡಿಬಂದಿರುವ ಸೀಮೆಗಳು ಹೆಚ್ಚಿಲ್ಲ. ಈ ಅನುಕೂಲವನ್ನು ಅವಸರದಲ್ಲಿ ಕಳೆಯದೆ, ಬೀಜದಿಂದ ಮೊದಲ್ಗೊಂಡು ತಾಳ್ಮೆಯಿಂದ ಮೇಲೇರುವ ಹತ್ತು ಯುವಕ–ಯುವತಿಯರು ಪ್ರತಿ ತಾಲ್ಲೂಕಿನಲ್ಲಿ ಹುಟ್ಟಿಕೊಂಡರೆ, ಬೆಳೆಗಾರರಿಗೆ ಒಣಗಿಸಿದ ಬೀಜಕ್ಕೆ ತಕ್ಕ ಬೆಲೆಯೂ ಸುಲಿಯುವ ಕೈಗಳಿಗೆ ತಕ್ಕ ಕೂಲಿಯೂ ಸಿಗುವ ಕಾಲ ದೂರವಿಲ್ಲ.